ಏಳು ಅಳತೆಯ ತಿರುಪುಮೊಳೆ

ಡಿಸೆಂಬರ್ ಅರ್ಧ ಸವೆದರೂ ಹಿಮ ಬೀಳಲಿಲ್ಲ ಆ ವರ್ಷ.
ಬಕುರಿಯಾನಿಯ ಇಳಿಜಾರು ಕಂದು ಹುಲ್ಲಿನಲ್ಲೇ ಮಲಗಿತ್ತು.
ತಂತಿಗೆ ತೂಗುಬಿದ್ದ ಕುರ್ಚಿಗಳಲ್ಲಿ
ಕಾಗೆಗಳಷ್ಟೇ ಕೂತು ಹೋಗುತ್ತಿದ್ದವು,
ಟಿಕೆಟ್ಟಿಲ್ಲದೆ.

ನನ್ನದು ಸ್ಕೀ ಬಾಡಿಗೆಯ ಅಂಗಡಿ.
ಇನ್ನೂರ ಹತ್ತು ಜೊತೆ ಬೂಟು, ಒಂದು ಕಬ್ಬಿಣದ ಒಲೆ, ಒಂದು ಮುದಿ ನಾಯಿ,
ಚಳಿಗಾಲಕ್ಕೆಂದು ಗೊತ್ತುಮಾಡಿದ ಇಬ್ಬರು:
ಬಚಾನಾ, ಹತ್ತೊಂಬತ್ತು. ನುತ್ಸಾ, ಇಪ್ಪತ್ತು ತುಂಬಿಲ್ಲ.

ಮೊದಲ ವಾರ ಅಂಚು ಮಸೆದರು, ಮೇಣ ಸವರಿದರು,
ಬೂಟಿನೊಳಗೆ ಮೂಗಿಟ್ಟು ಮುಖ ಕಿವುಚಿ
ಒಲೆಯ ಸುತ್ತ ಸಾಲಾಗಿ ಒಣಹಾಕಿದರು.
ಎರಡನೆಯ ವಾರ ಮಸೆದದ್ದನ್ನೇ ಮಸೆದರು.
ಇನ್ನೂ ಬಿಟ್ಟರೆ ಹಲಗೆಗಳಲ್ಲಿ
ರೊಟ್ಟಿ ಕತ್ತರಿಸಬಹುದು ಅನ್ನಿಸಿ
ಸಾಕು ಅಂದೆ.

ಆಮೇಲೆ ಶುರುವಾಯಿತು ಆಕಳಿಕೆ.
ಅವನಿಂದ ಅವಳಿಗೆ, ಅವಳಿಂದ ನಾಯಿಗೆ,
ಸುತ್ತಿ ಮತ್ತೆ ಅವನಿಗೆ.
ಬಚಾನಾ ಮೊಬೈಲಿನ ಬಾವಿಗಿಳಿದು ಮೇಲೆ ಬರಲೇ ಇಲ್ಲ.
ನುತ್ಸಾ ಕಿಟಕಿಯ ಆವಿಯ ಮೇಲೆ
ಯಾರದೋ ಹೆಸರು ಬರೆದು, ನಾನು ಓದುವ ಮೊದಲೇ ಒರೆಸಿದಳು.

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ.
ನಾನೂ ಅದನ್ನೇ ಮಾಡಿದೆ.

ಅಟ್ಟದಿಂದ ತಗಡಿನ ಡಬ್ಬ ಇಳಿಸಿದೆ.
ಏಳು ಅಳತೆಯ ತಿರುಪುಮೊಳೆ, ಸಾವಿರವೋ ಎರಡು ಸಾವಿರವೋ.
ಬೇರೆ ಮಾಡಿ, ಏಳು ಸೀಸೆಗೆ ತುಂಬಿ.
ಸಂಜೆಗೆ ಮುಗಿಸಿದರು, ಪಾಪ, ಬೆರಳ ತುದಿ ಕಪ್ಪಾಗಿ.
ಅವರು ಹೋದ ಮೇಲೆ ಬಾಗಿಲು ಹಾಕಿ
ಸೀಸೆಗಳನ್ನೆಲ್ಲ ಮತ್ತೆ ಡಬ್ಬಕ್ಕೆ ಸುರಿದು
ಕಾಳಿಗೆ ಕಲ್ಲು ಬೆರೆಸುವ ವ್ಯಾಪಾರಿಯ ಹಾಗೆ
ಮೊಣಕೈವರೆಗೂ ಕೈಬಿಟ್ಟು ಕಲಸಿದೆ.

ಬೆಳಿಗ್ಗೆ ಹೇಳಿದೆ: ಟಿಬಿಲಿಸಿಯಿಂದ ಇನ್ನೊಂದು ಡಬ್ಬ ಬಂದಿದೆ.
ಮಾರನೆಯ ಬೆಳಿಗ್ಗೆಯೂ.
ಅದರ ಮಾರನೆಯ ಬೆಳಿಗ್ಗೆಯೂ.

ಐದನೆಯ ದಿನ ನುತ್ಸಾ ಎದ್ದು ಬಂದು
ನನ್ನ ಚಹಾದ ಲೋಟದ ಪಕ್ಕ ಒಂದು ಮೊಳೆ ಇಟ್ಟಳು.
ಅದರ ತಲೆಯ ಮೇಲೆ ಕೆಂಪು ಚುಕ್ಕೆ,
ಅವಳ ಉಗುರಿನದೇ ಬಣ್ಣ.
"ಚಿಕ್ಕಮ್ಮಾ, ಇವಳು ನಿನ್ನೆಯೂ ಬಂದಿದ್ದಳು,
ಮೊನ್ನೆಯೂ."
ಅಷ್ಟೇ. ಹೋಗಿ ಕೂತಳು.
ಬಚಾನಾ ತಲೆ ಎತ್ತಲಿಲ್ಲ. ಅವನಿಗೂ ಗೊತ್ತಿತ್ತು.

ಒಜುರ್ಗೇತಿಯ ಚಹಾ ಕಾರ್ಖಾನೆಯಲ್ಲಿ
ಕರೆಂಟು ಹೋದ ಆ ಚಳಿಗಾಲ
ಈ ಗೋಡೆಯ ಪೆಟ್ಟಿಗೆ ಆ ಗೋಡೆಗೆ, ಆ ಗೋಡೆಯದು ಈ ಗೋಡೆಗೆ
ನಮ್ಮಿಂದ ಹೊರಿಸಿದವಳಿದ್ದಳು. ಅವಳಿಗೆ ಹಾಕಿದ ಶಾಪ
ಮೂವತ್ತು ವರ್ಷ ದಾರಿ ಹುಡುಕಿಕೊಂಡು
ಈಗ ನನ್ನ ಮನೆ ಬಾಗಿಲಿಗೆ ಬಂತು.

ಲೆಕ್ಕದ ಪುಸ್ತಕ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟೆ.
ಇಷ್ಟು ಇದೆ. ಇಷ್ಟು ನಿಮ್ಮದು, ಇಷ್ಟು ಸೌದೆಗೆ.
ಹಿಮ ಬಿದ್ದರೆ ಸರಿ,
ಇಲ್ಲದಿದ್ದರೆ ಜನವರಿ ಹದಿನೈದರ ತನಕ.
ಆಮೇಲಿನದು ನನಗೂ ಗೊತ್ತಿಲ್ಲ.

ಒಲೆಯಲ್ಲಿ ಕೊರಡೊಂದು ಕುಸಿಯಿತು.

ಬಚಾನಾ ಕುರ್ಚಿ ಎಳೆದುಕೊಂಡ.
ಮೊಬೈಲು ತೆಗೆದ, ಕೂಡಿಸುವುದಕ್ಕೆ, ಕಳೆಯುವುದಕ್ಕೆ.
ಸೌದೆಗೆ ಇಷ್ಟು ಯಾಕೆ ಕೊಡುತ್ತೀರಿ, ನನ್ನ ಮಾವನ ಹತ್ತಿರ ಲಾರಿ ಇದೆ ಅಂದ.
ಮಕ್ಕಳ ಅಳತೆಯ ಬೂಟು ಎಂಬತ್ತು ಜೊತೆ ಯಾರಿಗೆ? ಅಂದಳು ನುತ್ಸಾ.
ಕಳೆದ ವರ್ಷ ಬೇಕಿತ್ತು ಅಂದೆ.
ಕಳೆದ ವರ್ಷ ಕಳೆಯಿತು ಅಂದಳು.
ಸಿಟ್ಟು ಬಂತು. ನಿಜವೂ ಅನ್ನಿಸಿತು.
ಮೂರು ಸಲ ಚಹಾ ಕಾಯಿಸಿದೆ.
ಐದಕ್ಕೆ ಹೊರಡುವವರು ಏಳಾದರೂ ಜಗಳವಾಡುತ್ತಲೇ ಇದ್ದರು.
ಯಾವುದೂ ಬಗೆಹರಿಯಲಿಲ್ಲ,
ಹೊರಗೆ ಒಂದು ಚಕ್ಕೆ ಹಿಮವೂ ಇಲ್ಲ.

ಅವರು ಹೋದರು.
ಅಭ್ಯಾಸಬಲ, ಡಬ್ಬಕ್ಕೆ ಕೈಹಾಕಿದೆ,
ಈ ಸಲ ಬೇರೆ ಮಾಡಲು.
ಮೂರನೆಯ ಸೀಸೆ ತುಂಬುವಷ್ಟರಲ್ಲಿ
ದವಡೆ ನೋಯುವಷ್ಟು ದೊಡ್ಡ ಆಕಳಿಕೆ.
ನಾಯಿ ಅದನ್ನು ನನ್ನಿಂದ ತೆಗೆದುಕೊಂಡು
ಬಾಗಿಲ ಕಡೆ ತಿರುಗಿ ಮಲಗಿತು.